ಮನೆಯ ಓಲೆಗಳೂ ನಾಡಿನ ಚರಿತ್ರೆಯೂ

ಶಾಸನ, ತಾಮ್ರಪಟ, ಕೈಫಿಯತ್ತು, ಕಡತಗಳು ಚರಿತ್ರೆಯ ಮುಖ್ಯ ಆಕರಗಳೆಂಬುದು ಸರ್ವವಿದಿತ. ಆದರೆ ಇವುಗಳಲ್ಲಿ ಅರಸರು, ದಾನಿಗಳು, ಅಧಿಕಾರಿಗಳು ಕಾಣುವಷ್ಟು ಸಾಮಾನ್ಯ ಗೃಹಸ್ಥರು ಕಾಣುವುದಿಲ್ಲ. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆ ಸೀಮೆಗಳ ಶಾಸನಗಳು ಸೇರಿವೆ. ಅವುಗಳಿಂದ ರಾಜವಂಶಗಳ ವಿಷಯ ತಿಳಿಯುತ್ತದೆ. ಆದರೆ ನೂರು ವರ್ಷಗಳ ಹಿಂದೆ ಪಿರಿಯಾಪಟ್ಟಣದ ಕಡೆಯ ಒಬ್ಬ ರೈತನಿಗೆ ಮಗಳ ಮದುವೆಯಿಂದ ಎಷ್ಟು ಸಾಲವಾಯಿತು, ಕೊಡಗಿನ ಕಾಫಿ ತೋಟಕ್ಕೆ ದುಡಿಯಲು ಹೋದ ಅವನ ಮಗನು ಯಾವಾಗ ಮರಳಿದನು ಎಂಬುದನ್ನು ಯಾವ ಕಲ್ಲೂ ಹೇಳದು. ಅದನ್ನು ಹೇಳತಕ್ಕವು ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳು, ಮತ್ತು ಹಿರಿಯರ ನೆನಪುಗಳು.

ಇಂತಹ ಕಾಗದಗಳನ್ನು ಡಿಜಿಟಲ್ ರೂಪದಲ್ಲಿ ಸೆರೆಹಿಡಿದು ಕಾಪಾಡುವ ಸೌಕರ್ಯ ಈಗ ಒದಗಿದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಕೈಯಲ್ಲಿರುವ ಮೊಬೈಲ್ ಫೋನೂ ಸಾಕು. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಕಾಗದ ಉಳಿಯಿತೆಂದು ಭಾವಿಸುವುದು ಸರಿಯಲ್ಲ. ಅದು ಯಾರದು, ಯಾರಿಗೆ, ಯಾವ ಸಂದರ್ಭದಲ್ಲಿ ಬರೆದದ್ದು ಎಂಬ ವಿವರವೂ ಜೊತೆಗೆ ಉಳಿದರೆ ಮಾತ್ರ ಅದು ಚರಿತ್ರೆಗೆ ಆಕರವಾಗುತ್ತದೆ.

ವಚನ ವಾಙ್ಮಯದ ಇತಿಹಾಸವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಗಳಲ್ಲಿ, ಮಠಗಳಲ್ಲಿ ಉಳಿದಿದ್ದ ತಾಡವೋಲೆಗಳನ್ನು ಅರಸಿ ಹೋಗಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಓಲೆಗಳನ್ನು ಪರಿಷ್ಕರಿಸುವವರಿಗೆ ನೆರವಾದದ್ದು ಎರಡು. ಒಂದು, ವಚನದ ಕೊನೆಯ ಅಂಕಿತ. ಇನ್ನೊಂದು, ಲಿಪಿಕಾರನು ಪ್ರತಿಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ಊರು, ತನ್ನ ಹೆಸರು ಇವನ್ನು ಬರೆದಿಡುತ್ತಿದ್ದ ಪುಷ್ಪಿಕೆ. ಅಂಕಿತವೊಂದೇ ಉಳಿದು ಹೆಸರು ಅಳಿದ ವಚನಕಾರರು ಇಂದಿಗೂ ಅಜ್ಞಾತರಾಗಿಯೇ ಇದ್ದಾರೆ. ಹೆಸರಿಲ್ಲದ ಕಾಗದದ ಚಿತ್ರಕ್ಕೂ ಇದೇ ಗತಿ.

ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಮೈಸೂರು ಸಂಸ್ಥಾನದ ಅಂಚೆಯು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾದದ್ದು 1889ರಲ್ಲಿ. ಅಂದಿನಿಂದ ಒಂದು ಶತಮಾನಕ್ಕೂ ಮಿಕ್ಕು ನಮ್ಮ ಹಳ್ಳಿಗಳ ಸುಖದುಃಖವೆಲ್ಲ ಈ ಕಾರ್ಡುಗಳಲ್ಲಿ ಹರಿದಾಡಿತು. ಆದರೆ ಅವುಗಳ ಕಾಲನಿರ್ಣಯ ಸುಲಭವಲ್ಲ. ಹಿರಿಯರು ಹೆಚ್ಚಾಗಿ ಸಂವತ್ಸರದ ಹೆಸರನ್ನೇ ಬರೆಯುತ್ತಿದ್ದರು. ಕಾವೇರಿಯ ಮಹಾಪ್ರವಾಹ ಬಂದ 1924 ರಕ್ತಾಕ್ಷಿ ಸಂವತ್ಸರ. ಅರವತ್ತು ವರ್ಷಗಳ ಬಳಿಕ 1984 ಕೂಡ ರಕ್ತಾಕ್ಷಿಯೇ. ‘ರಕ್ತಾಕ್ಷಿ ಸಂ॥ ಆಷಾಢ, ಹೊಳೆ ತುಂಬಿದೆ’ ಎಂದು ಒಂದು ಕಾಗದದಲ್ಲಿದ್ದು, ಅಂಚೆಯ ಮೊಹರು ಮಾಸಿದ್ದರೆ, ಅದು ಯಾವ ಪ್ರವಾಹವೆಂದು ಹೇಳುವುದು ಹೇಗೆ? ಆಗ ವಿಳಾಸದ ಮಗ್ಗುಲು ನೆರವಾಗುತ್ತದೆ. ಅಂಚೆ ಚೀಟಿಯಲ್ಲಿ ನಯಾ ಪೈಸೆ ಎಂದಿದ್ದರೆ ಅದು 1957ಕ್ಕಿಂತ ಹಿಂದಿನದಲ್ಲ. ಪಿನ್ ಕೋಡ್ ಮುದ್ರಿತವಾಗಿದ್ದರೆ 1972ಕ್ಕಿಂತ ಹಿಂದಿನದಲ್ಲ. ಮೈಸೂರು ರಾಜ್ಯವೆಂದಿದ್ದರೆ ಸಾಮಾನ್ಯವಾಗಿ 1973ರ ನಾಮಕರಣಕ್ಕೆ ಹಿಂದಿನದು. ಕೃಷ್ಣರಾಜನಗರವೆನ್ನದೆ ಎಡತೊರೆಯೆಂದೇ ಬರೆದಿರುವುದೂ ಒಂದು ಸೂಚನೆ. ಹೆಗ್ಗಡದೇವನಕೋಟೆಯ ಕಡೆ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಹಲವು ಹಳ್ಳಿಗಳು ಮುಳುಗಿದವು. ಅಂತಹ ಊರಿನ ವಿಳಾಸ ಹೊತ್ತ ಕಾರ್ಡು ಆ ಊರು ಇದ್ದುದಕ್ಕೇ ಸಾಕ್ಷಿ. ಆದುದರಿಂದ ಒಕ್ಕಣೆಯ ಮಗ್ಗುಲನ್ನು ಮಾತ್ರ ಚಿತ್ರಿಸಿ ವಿಳಾಸವನ್ನು ಬಿಟ್ಟರೆ ಅರ್ಧ ಚರಿತ್ರೆಯನ್ನು ಬಿಟ್ಟಂತೆ.

ಕಾಗದವೇ ಹೇಳದ ಸಂಗತಿಗಳೂ ಉಂಟು. ಶುಭ ಸಮಾಚಾರದ ಪತ್ರದ ಮೂಲೆಗಳಿಗೆ ಅರಿಸಿನ ಹಚ್ಚಿ, ಮನೆಯಲ್ಲಿ ಜೋಪಾನವಾಗಿ ಇಡುತ್ತಿದ್ದರು. ಸಾವಿನ ಸುದ್ದಿಯ ಕಾರ್ಡನ್ನಾದರೋ ಹೊರಗೇ ಓದಿ ಹರಿದುಹಾಕುವುದು ವಾಡಿಕೆಯಾಗಿತ್ತು. ಹೀಗಾಗಿ ಮನೆಯ ಕಟ್ಟಿನಲ್ಲಿ ಮದುವೆಗಳಿವೆ, ನಾಮಕರಣಗಳಿವೆ, ಮರಣಗಳಿಲ್ಲ. ಆ ಕಟ್ಟನ್ನಷ್ಟೇ ನಂಬಿ ಬರೆದರೆ ಆ ಮನೆಯಲ್ಲಿ ಯಾರೂ ಸಾಯಲೇ ಇಲ್ಲವೆಂದಾದೀತು! ಹಾಗೆಯೇ, ಅಕ್ಷರ ಬಾರದವರ ಪರವಾಗಿ ಊರಿನ ಮೇಷ್ಟರೋ ಶಾನುಭೋಗರೋ ಬರೆದುಕೊಡುತ್ತಿದ್ದರು. ಅಲ್ಲಿ ಹಸ್ತಾಕ್ಷರ ಒಬ್ಬರದು, ಮಾತು ಇನ್ನೊಬ್ಬರದು. ಮಗನಿಗೆ ಕಾಗದ ಬರೆಸಿದ ತಾಯಿಯ ಹೆಸರನ್ನು ಮನೆಯ ಹಿರಿಯರಲ್ಲದೆ ಬೇರೆ ಯಾರು ಹೇಳಬಲ್ಲರು?

ಹಿರಿಯರ ನೆನಪನ್ನು ಕ್ರಮವಾಗಿ ದಾಖಲಿಸಿದ ನಿದರ್ಶನ ನಮ್ಮ ಸಮೀಪದಲ್ಲಿಯೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. 2007ರಲ್ಲಿ ಟಿಬೆಟ್ ಓರಲ್ ಹಿಸ್ಟರಿ ಪ್ರಾಜೆಕ್ಟ್ ಎಂಬ ಸಂಸ್ಥೆಯವರು ಅಲ್ಲಿಗೆ ಬಂದು, ತಾಯ್ನಾಡನ್ನು ಬಿಟ್ಟುಬಂದ ವೃದ್ಧರ ಅನುಭವಗಳನ್ನು ಅವರ ಬಾಯಿಂದಲೇ ಕೇಳಿ ಚಿತ್ರೀಕರಿಸಿದರು. ಹೇಳಿದವರ ವಯಸ್ಸು, ಸಂದರ್ಶನ ನಡೆದ ಸ್ಥಳ, ದಿನಾಂಕಗಳನ್ನು ನಮೂದಿಸಿದರು. ಹೆಸರು ಹೊರಬೀಳುವುದು ಬೇಡವೆಂದವರಿಗೆ ಬೇರೆ ಹೆಸರಿಟ್ಟರು. ನಮ್ಮದೇ ನೆಲದಲ್ಲಿ ನಡೆದ ಈ ಕಾರ್ಯ ನಮಗೆ ಮಾದರಿಯಾಗಬೇಕು. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬ, ಬೆಟ್ಟಕುರುಬ ಜನರ ವಿಷಯದಲ್ಲಂತೂ ಬಹುಮಟ್ಟಿಗೆ ಬಾಯಿಮಾತೇ ಆಕರ.

ಇನ್ನು ವಿಧಾನದ ಮಾತು. ಕಾಗದದ ಎರಡು ಮಗ್ಗುಲನ್ನೂ ಚಿತ್ರಿಸಬೇಕು. ಒಕ್ಕಣೆಯನ್ನು ತಿದ್ದದೆ, ಯೂನಿಕೋಡ್ ಕನ್ನಡದಲ್ಲಿ ಇದ್ದಂತೆಯೇ ಬೆರಳಚ್ಚು ಮಾಡಿದರೆ ಹುಡುಕಲು ಅನುಕೂಲ. ಬರೆದವರು, ಬರೆಸಿದವರು, ಪಡೆದವರು, ಅವರ ಸಂಬಂಧ, ಊರು, ಕಾಲ, ಈ ವಿವರವನ್ನು ಹೇಳಿದವರು ಯಾರು – ಇಷ್ಟನ್ನು ಪುಷ್ಪಿಕೆಯಂತೆ ಪ್ರತಿ ಚಿತ್ರಕ್ಕೂ ಜೋಡಿಸಬೇಕು. ಊಹೆಯನ್ನು ಊಹೆಯೆಂದೇ ಬರೆಯಬೇಕು. ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿಟ್ಟು, ಕಾಲಕಾಲಕ್ಕೆ ಹೊಸ ಸಾಧನಕ್ಕೆ ವರ್ಗಾಯಿಸಬೇಕು. ಇಪ್ಪತ್ತು ವರ್ಷಗಳ ಹಿಂದಿನ ಸಿ.ಡಿ.ಯನ್ನು ಓದುವ ಯಂತ್ರವೇ ಇಂದು ವಿರಳವಾಗಿದೆ. ಚಿತ್ರವಾಯಿತೆಂದು ಮೂಲವನ್ನು ಎಂದೂ ಎಸೆಯಬಾರದು. ಸಾಲ, ಜಗಳ, ಕಾಯಿಲೆಗಳ ವಿಷಯವಿರುವ ಪತ್ರಗಳನ್ನು ಮನೆಯವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದು ಸಲ್ಲದು.

ಒಬ್ಬ ವಿದ್ಯಾರ್ಥಿಯು ತನ್ನ ಮನೆಯ ಹತ್ತು ಕಾಗದಗಳಿಗೆ ಅಜ್ಜಿಯನ್ನು ಕೇಳಿ ಪುಷ್ಪಿಕೆ ಬರೆದರೆ ಸಾಕು, ಕಾರ್ಯ ಆರಂಭವಾದಂತೆ. ಈ ನಾಲ್ಕು ತಾಲ್ಲೂಕುಗಳ ಶಾಲೆಗಳೂ ಗ್ರಂಥಾಲಯಗಳೂ ಮಠಗಳೂ ಇದಕ್ಕೆ ನೆರವಾಗಬಹುದು. ಪೆಟ್ಟಿಗೆಯ ಕಾಗದ ಇನ್ನು ಹತ್ತು ವರ್ಷ ತಾಳಿಕೊಂಡೀತು. ಅದನ್ನು ಗುರುತಿಸಬಲ್ಲ ಹಿರಿಯರಿಗೆ ಅಷ್ಟು ಅವಕಾಶವಿದೆಯೆಂದು ಹೇಳಲಾಗದು. ಆದುದರಿಂದ ಮೊದಲು ಅವರನ್ನು ಕೇಳಿ ಬರೆದುಕೊಳ್ಳುವುದು, ಅನಂತರ ಚಿತ್ರ ತೆಗೆಯುವುದು ಯುಕ್ತವಾದ ಕ್ರಮ.