ಕಾರ್ಬ್ಯುರೇಟರ್ ಸವೆತ (ಹಳೆಯ ಮೊಪೆಡ್‌ಗಳಲ್ಲಿ)

ಇಂಜಿನ್ನಿಗೆ ಹೋಗುವ ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸುವ ಭಾಗ ಕಾರ್ಬ್ಯುರೇಟರ್. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಿಗೆ ಬುತ್ತಿ, ಬೀಜ, ಗೊಬ್ಬರದ ಚೀಲ ಹೊರುವ ಹಳೆಯ ಟಿವಿಎಸ್ ಎಕ್ಸ್‌ಎಲ್ ಮೊಪೆಡ್‌ಗಳಲ್ಲಿ ಇದು ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ಏಳುವ ಎರೆಮಣ್ಣಿನ ನುಣ್ಣನೆಯ ಧೂಳು ಹರಿದ ಏರ್ ಫಿಲ್ಟರ್ ದಾಟಿ ಒಳಸೇರುವುದೇ ಮುಖ್ಯ ಕಾರಣ.

ಲಕ್ಷಣಗಳನ್ನು ಬೇರ್ಪಡಿಸಿ ನೋಡಬೇಕು. ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಸವೆದರೆ ಪಕ್ಕದಿಂದ ಗಾಳಿ ನುಗ್ಗಿ ಗಾಡಿ ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲ. ಸ್ಲೈಡನ್ನು ಅದರ ಕೊಳವೆಯಲ್ಲೇ ಹಿಡಿದು ಅಲುಗಾಡಿಸಿದರೆ ಸಡಿಲ ತಿಳಿಯುತ್ತದೆ. ಪೆಟ್ರೋಲಿನ ಪ್ರಮಾಣ ಹದಗೊಳಿಸುವ ಸೂಜಿ, ಜೆಟ್ (ಸಣ್ಣ ತೂತಿನ ಹಿತ್ತಾಳೆ ತುಂಡು) ಸವೆದರೆ ಪ್ಲಗ್ ಮಸಿಗಟ್ಟಿ ಮೈಲೇಜ್ ಇಳಿಯುತ್ತದೆ. ಒಳಬರುವ ಪೆಟ್ರೋಲನ್ನು ತಡೆದು ಬಿಡುವ ಫ್ಲೋಟ್ ಸೂಜಿಯ ತುದಿಯಲ್ಲಿ ಉಗುರಿಗೆ ತಾಗುವಂಥ ಉಂಗುರದ ಗೆರೆ ಬಿದ್ದಿದ್ದರೆ ಪೆಟ್ರೋಲ್ ಸೋರುತ್ತದೆ. ಆ ಸೂಜಿಯನ್ನು ಬದಲಿಸಲೇಬೇಕು.

ಕಸ ತೆಗೆಯಲು ಜೆಟ್ಟಿನ ತೂತಿಗೆ ತಂತಿ ಚುಚ್ಚುವ ರೂಢಿ ತಪ್ಪು. ಹಿತ್ತಾಳೆ ಮೆದು, ತೂತು ಕೂದಲೆಳೆಯಷ್ಟು ಹಿಗ್ಗಿದರೂ ಹದ ಕೆಡುತ್ತದೆ. ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿದರೆ ಸಾಕು. ಸ್ಲೈಡ್ ಓಡಾಡುವ ಕೊಳವೆಯೇ ಸವೆದಿದ್ದರೆ ಬಿಡಿಭಾಗ ಹಾಕಿ ಫಲವಿಲ್ಲ, ಇಡೀ ಕಾರ್ಬ್ಯುರೇಟರ್ ಬದಲಿಸುವುದೇ ಲೇಸು.

2020ರ ಬಿಎಸ್-6 ಹೊಗೆ ನಿಯಮದ ನಂತರ ಬಂದ ಎಕ್ಸ್‌ಎಲ್ 100ರಲ್ಲಿ ಕಾರ್ಬ್ಯುರೇಟರ್ ಇಲ್ಲ, ಇಂಧನ ಇಂಜೆಕ್ಷನ್ ಇದೆ.