ಮರೆಮಾಚುವ ಬಟ್ಟೆ, ಗುರುತು ಸಾರುವ ಬಟ್ಟೆ
ಜಮೈಕಾ ರಕ್ಷಣಾ ಪಡೆಯ ಕ್ಯಾಮೊಫ್ಲಾಜ್ ಸಮವಸ್ತ್ರ

ಬಟ್ಟೆಯನ್ನು ಹತ್ತಿರದಿಂದ ನೋಡಿ: ಹಸಿರು ಮತ್ತು ಮರಳುಬಣ್ಣದ ನಡುವೆ ಕಂದು, ಕಪ್ಪು ಬಳಿತಗಳು, ಅಂಚುಗಳು ಒಣಗಿದ ಕುಂಚದಿಂದ ಎಳೆದಂತೆ ಸೀಳುಸೀಳು. 1962ರಲ್ಲಿ ಸ್ವತಂತ್ರವಾದ ಜಮೈಕಾ ದ್ವೀಪಕ್ಕೆ ಈ ವಿನ್ಯಾಸ ಬಂದದ್ದು ಬ್ರಿಟಿಷ್ ಸೇನೆಯಿಂದ. ಮೈಯ ಆಕಾರವನ್ನು ಒಡೆದು ಕಣ್ಣಿಗೆ ಮರೆಮಾಡುವುದು ಅದರ ಮೂಲ ಕೆಲಸ. ಆದರೆ ಸೈನಿಕರು ಪೊಲೀಸರೊಂದಿಗೆ ರಾಜಧಾನಿ ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ಗಸ್ತು ತಿರುಗುವಾಗ ಇದೇ ಬಟ್ಟೆಯ ಕೆಲಸ ತದ್ವಿರುದ್ಧ: ತೊಟ್ಟವರು ಸೈನಿಕರೆಂದು ದೂರದಿಂದಲೇ ಸಾರುವುದು. ಇದಕ್ಕೆ ಕಾನೂನೇ ಸಾಕ್ಷಿ. ಜಮೈಕಾದಲ್ಲಿ ನಾಗರಿಕರು ಇಂಥ ಬಟ್ಟೆ ತೊಡುವಂತಿಲ್ಲ. ಕೆರಿಬಿಯನ್ನಿನ ಇನ್ನೊಂದು ದ್ವೀಪ ಬಾರ್ಬಡೋಸ್‌ನಲ್ಲಿ ಮಕ್ಕಳಿಗೂ ವಿನಾಯಿತಿ ಇಲ್ಲ. ಬರೀ ಅಡಗಲೆಂದೇ ಇದ್ದ ಬಟ್ಟೆಗೆ ಇಷ್ಟು ಕಾವಲು ಬೇಕಿರಲಿಲ್ಲ.

2,256 ಮೀಟರ್ ಎತ್ತರಕ್ಕೇರುವ ಜಮೈಕಾದ ಬೆಟ್ಟಸಾಲು ಬ್ಲೂ ಮೌಂಟನ್ಸ್‌ನ ದಟ್ಟ ಕಾಡಿನಲ್ಲಿ ಅಡಗುವ ಅಗತ್ಯ ಇಲ್ಲವೇ ಎಂದು ಕೇಳಬಹುದು. ಇದೆ, ಅಲ್ಲಿ ಬಟ್ಟೆ ತನ್ನ ಮೂಲ ಕೆಲಸಕ್ಕೆ ಮರಳುತ್ತದೆ. ಫ್ಯಾಷನ್ನಿನ ಮೇಲೆ ಇಂಥ ನಿಷೇಧ ಅತಿಯಾಯಿತು ಎಂಬ ಆಕ್ಷೇಪವೂ ತಳ್ಳಿಹಾಕುವಂಥದ್ದಲ್ಲ. ಆದರೆ ಕೈಯಲ್ಲಿ ಬಂದೂಕು ಹಿಡಿದವರು ಯಾರೆಂಬುದನ್ನು ಜನ ಬಟ್ಟೆ ನೋಡಿಯೇ ತೀರ್ಮಾನಿಸಬೇಕಾದ ಕಡೆ, ಅದೇ ಬಟ್ಟೆ ಅಂಗಡಿಯಲ್ಲಿ ಯಾರಿಗೂ ಸಿಗುವಂತಾದರೆ ಆ ಗುರುತಿಗೆ ಬೆಲೆಯೇ ಉಳಿಯದು. ಕಾಡಿಗಾಗಿ ಹುಟ್ಟಿದ ವಿನ್ಯಾಸ ಇಲ್ಲಿ ಪ್ರಭುತ್ವದ ಮುದ್ರೆಯಾಗಿದೆ.