ಚಿತ್ರಪಟದಲ್ಲಿ ಉಳಿದ ಪಂಡಿತ

ಶ್ರೀರಂಗಪಟ್ಟಣದ ಕೋಟೆಯು 1799ರಲ್ಲಿ ಆಂಗ್ಲರ ವಶವಾದ ಬಳಿಕ ಮೈಸೂರು ಸೀಮೆಯಲ್ಲಿ ಇಬ್ಬರು ಪರದೇಶೀಯರು ತಮ್ಮ ತಮ್ಮ ಕಾರ್ಯಕ್ಕೆ ತೊಡಗಿದರು. ಒಬ್ಬನು ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ. ಮತ್ತೊಬ್ಬನು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಮೋಜಣಿಯ ಅಧಿಕಾರಿ ಕಾಲಿನ್ ಮೆಕೆಂಜಿ. ಮೊದಲಿನವನು ಮುಖಗಳನ್ನು ಬರೆದನು. ಎರಡನೆಯವನು ನೆಲವನ್ನು ಅಳೆದನು. ಹದಿನೇಳು ವರ್ಷಗಳ ತರುವಾಯ ಮೊದಲಿನವನು ಎರಡನೆಯವನನ್ನು ಬರೆದ ಪಟದಲ್ಲಿ ಕನ್ನಡದ ಪಂಡಿತನೊಬ್ಬನಿಗೂ ಸ್ಥಳವು ದೊರೆಯಿತು.

ಹಿಕಿಯು 1741ರಲ್ಲಿ ಡಬ್ಲಿನ್ ನಗರದಲ್ಲಿ ಜನಿಸಿ, ಇಟಲಿಯಲ್ಲಿ ಕಲಾಭ್ಯಾಸ ಮಾಡಿದವನು. 1780ರಲ್ಲಿ ಹಿಂದೂದೇಶಕ್ಕೆ ಹೊರಟಾಗ ಅವನಿದ್ದ ಹಡಗು ಶತ್ರುಗಳ ಕೈಗೆ ಸಿಕ್ಕಿತು. ಲಿಸ್ಬನ್ನಿನಲ್ಲಿ ಕೆಲವು ಕಾಲ ನಿಂತು, 1784ರಲ್ಲಿ ಕಲ್ಕತ್ತೆಯನ್ನು ಸೇರಿದನು. ಮುಂದೆ ಮೆಕಾರ್ಟ್ನಿಯ ರಾಯಭಾರದೊಡನೆ ಚೀನಕ್ಕೂ ಹೋಗಿಬಂದನು. ಮೈಸೂರು ಯುದ್ಧವು ಮುಗಿದ ಮೇಲೆ ಟಿಪ್ಪುವಿನ ಮಕ್ಕಳನ್ನೂ ದಿವಾನ್ ಪೂರ್ಣಯ್ಯನವರನ್ನೂ ಎದುರಿಗೆ ಕುಳ್ಳಿರಿಸಿಕೊಂಡು ಬರೆದನು. 1824ರಲ್ಲಿ ಮದರಾಸಿನಲ್ಲಿ ಕಾಲವಾದನು.

ಇತ್ತ ಮೆಕೆಂಜಿಯು ಊರೂರುಗಳಲ್ಲಿ ಮೋಜಣಿ ನಡೆಸುತ್ತ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಓಲೆಗರಿಗಳನ್ನೂ ಕೂಡಿಹಾಕಿಸಿದನು. ಆದರೆ ಹಳಗನ್ನಡದ ಶಿಲಾಲಿಪಿಯನ್ನು ಓದುವುದು ಅವನಿಂದಾಗುವ ಕಾರ್ಯವಾಗಿರಲಿಲ್ಲ. ಆ ಕಾರ್ಯದಲ್ಲಿ ನೆರವಾದವನು ಮಲೆಯೂರಿನ ಜೈನಪಂಡಿತ ಧರ್ಮಯ್ಯನು.

1816ರಲ್ಲಿ, ಎಪ್ಪತ್ತೈದರ ಹರೆಯದಲ್ಲಿದ್ದ ಹಿಕಿಯು ಮೆಕೆಂಜಿಯ ತೈಲಚಿತ್ರವನ್ನು ಬರೆದನು. ನಡುವೆ ಕೆಂಪಂಗಿಯ ಅಧಿಕಾರಿ. ಸುತ್ತ ಮೂವರು ಭಾರತೀಯರು. ಹಿಂದೆ ದೂರದಲ್ಲಿ ಗೊಮ್ಮಟಮೂರ್ತಿ. ಮೂವರಲ್ಲಿ ಒಬ್ಬನ ಕೈಯಲ್ಲಿ ದೂರದರ್ಶಕ. ಮತ್ತೊಬ್ಬನ ಕೈಯಲ್ಲಿ ಓಲೆಗರಿ. ಓಲೆಯನ್ನು ಹಿಡಿದವನೇ ಧರ್ಮಯ್ಯನೆಂದು ವಿದ್ವಾಂಸರು ಊಹಿಸಿರುವರು. ಪಟವು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಭಂಡಾರದಲ್ಲಿರುವುದು.

ಅಧಿಕಾರಿಯ ಮಹಿಮೆಯನ್ನು ತೋರುವುದಕ್ಕಾಗಿ ಪರಿವಾರವನ್ನು ಸುತ್ತ ನಿಲ್ಲಿಸುವುದು ಆ ಕಾಲದ ಚಿತ್ರಕಾರರ ಸಂಪ್ರದಾಯ. ಆದರೂ ಈ ಪಟದಲ್ಲಿ ಸತ್ಯವು ಬೇರೊಂದು ಬಗೆಯಾಗಿ ತೋರಿಬರುವುದು: ಓಲೆಯು ಸಾಹೇಬನ ಕೈಯಲ್ಲಿಲ್ಲ, ಪಂಡಿತನ ಕೈಯಲ್ಲಿದೆ. ಮದರಾಸಿನಲ್ಲಿಯೂ ಲಂಡನ್ನಿನಲ್ಲಿಯೂ ಉಳಿದಿರುವ ಆ ಸಂಗ್ರಹಕ್ಕೆ ಮೆಕೆಂಜಿಯ ಹೆಸರು ನಿಂತಿತು. ಸಂಗ್ರಹಿಸಿದವನ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಲ್ಲನ್ನು ಓದಿ ಹೇಳಿದವರ ಹೆಸರನ್ನು ಕನ್ನಡಿಗರೇ ಮರೆತರೆ, ಅದನ್ನು ನೆನಪಿಗೆ ತರಲು ಪರದೇಶದ ಪಟವೊಂದೇ ಉಳಿಯುವುದು.